ನೆಲ ಡೊಂಕೋ, ಕೋಲು ಡೊಂಕೋ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆ ಕಟ್ಟಿದವರು ಗಾಲ್ಫ್ ಆಟವನ್ನು ನೋಡಿರಲಾರರು. ಗಾಲ್ಫ್ ಮೈದಾನದಲ್ಲಿ ನೆಲ ನಿಜವಾಗಿಯೇ ಡೊಂಕಾಗಿರುತ್ತದೆ. ಹಾಗೆ ಡೊಂಕು ಮಾಡುವುದಕ್ಕೆಂದೇ ಹಣ ಸುರಿದಿರುತ್ತಾರೆ. ಆದ್ದರಿಂದ ಗಾಲ್ಫ್ ಆಡುವವನು ನೆಲವನ್ನು ದೂರುವುದಿಲ್ಲ. ಅವನು ದೂರುವುದು ಕೈಯಲ್ಲಿರುವ ಕೋಲನ್ನು. ಚೆಂಡು ಬಲಕ್ಕೆ ಹಾರಿ ಪೊದೆ ಸೇರಿದರೆ ಕೋಲಿನ ತಪ್ಪು, ಎಡಕ್ಕೆ ಹೊರಳಿ ನೀರಿಗೆ ಬಿದ್ದರೂ ಕೋಲಿನ ತಪ್ಪು. ಎಷ್ಟೋ ಸಲ ಈ ದೂರಿನಲ್ಲಿ ಹುರುಳಿರುವುದಿಲ್ಲ. ಆದರೆ ಕೆಲವು ಸಲ ಇರುತ್ತದೆ. ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂದು ತಿಳಿಯುವುದೇ ಕಷ್ಟ. ಅದು ತಿಳಿಯದೆ ಎಷ್ಟೋ ಮಂದಿ ಹಣವನ್ನೂ, ಅದಕ್ಕಿಂತ ಹೆಚ್ಚಾಗಿ ಆಟದ ಖುಷಿಯನ್ನೂ ಕಳೆದುಕೊಂಡಿದ್ದಾರೆ.

ಇಂಗ್ಲಿಷಿನಲ್ಲಿ ಈ ಕೋಲಿಗೂ ಕ್ಲಬ್ ಎಂದೇ ಹೆಸರು, ಅದನ್ನು ಹಿಡಿದು ಆಡಲು ಹೋಗುವ ಜಾಗಕ್ಕೂ ಅದೇ ಹೆಸರು. ನಮ್ಮಲ್ಲಿ ಕ್ಲಬ್ ಎಂದೊಡನೆ ಇಸ್ಪೀಟಿನ ಮೇಜು ಕಣ್ಣಮುಂದೆ ಬರುವುದರಿಂದ ಇಲ್ಲಿ ಕೋಲು ಎನ್ನುವುದೇ ಲೇಸು. ಈ ಕೋಲು ಕನ್ನಡನಾಡಿಗೆ ಹೊಸದೂ ಅಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಕೋಲಾರದ ಚಿನ್ನದ ಗಣಿಯ ಸಾಹೇಬರೂ ಕೊಡಗಿನ ಕಾಫಿ ತೋಟದ ಸಾಹೇಬರೂ ತಮ್ಮ ತಮ್ಮ ಗುಡ್ಡಗಳಲ್ಲಿ ಗುಳಿ ತೋಡಿ ಆಡಿದರು. ಸಾಹೇಬರು ಹೋದರು, ಆಟ ಉಳಿಯಿತು. ಬಿಡದಿ ಬಳಿಯ ಹಳ್ಳಿಯ ಹುಡುಗ ಎಸ್. ಚಿಕ್ಕರಂಗಪ್ಪ ವೃತ್ತಿಪರ ಆಟಗಾರನಾದ. ಬೆಂಗಳೂರಿನ ಅದಿತಿ ಅಶೋಕ್ ಒಲಿಂಪಿಕ್ಸ್‌ನಲ್ಲಿ ಆಡಿದರು. ಹೀಗಿರುವಾಗ ಕೋಲಿನ ಅಂಗಡಿಗೆ ಹೋಗುವವರ ಸಂಖ್ಯೆಯೂ ಹೆಚ್ಚಿದೆ, ಮೋಸ ಹೋಗುವವರ ಸಂಖ್ಯೆಯೂ ಹೆಚ್ಚಿದೆ. ಮೋಸ ಎಂದರೆ ಅಂಗಡಿಯವನು ಮಾಡುವ ಮೋಸ ಮಾತ್ರವಲ್ಲ. ಆಟಗಾರ ತನಗೆ ತಾನೇ ಮಾಡಿಕೊಳ್ಳುವುದು ಅದಕ್ಕಿಂತ ದೊಡ್ಡದು.

ಹಳ್ಳಿಯಲ್ಲಿ ಚಿನ್ನಿದಾಂಡು ಆಡುವ ಹುಡುಗನಿಗೆ ಈ ತೊಂದರೆ ಇರಲಿಲ್ಲ. ಅವನು ಬೇಲಿಯಲ್ಲೋ ತೋಪಿನಲ್ಲೋ ಒಂದು ಗಟ್ಟಿ ಕೊಂಬೆ ನೋಡಿ, ತನ್ನ ಕೈಯುದ್ದಕ್ಕೆ ಕಡಿದು, ಎರಡು ಸಲ ಬೀಸಿ ನೋಡಿ, ಭಾರವಾದರೆ ಇನ್ನಷ್ಟು ಕೆತ್ತಿಕೊಳ್ಳುತ್ತಿದ್ದ. ಅಣ್ಣನ ದಾಂಡು ತಮ್ಮನಿಗೆ ಆಗುತ್ತಿರಲಿಲ್ಲ. ಗುದ್ದಲಿಯದೂ ಅದೇ ಕಥೆ. ಎತ್ತರದ ಆಳಿಗೆ ಕಾವು ಹಾಕುವ ಓರೆಯೇ ಬೇರೆ, ಗಿಡ್ಡ ಆಳಿಗೆ ಹಾಕುವ ಓರೆಯೇ ಬೇರೆ. ಓರೆ ತಪ್ಪಿದ ಗುದ್ದಲಿಯಲ್ಲಿ ದಿನವಿಡೀ ಅಗೆದವನ ಸೊಂಟ ಸಂಜೆಗೆ ಸಾಕ್ಷಿ ಹೇಳುತ್ತದೆ. ಗಾಲ್ಫ್ ಕೋಲಿನ ವಿಷಯದಲ್ಲಿ ತಜ್ಞರು ಇಂದು ಯಂತ್ರವಿಟ್ಟು ಅಳೆದು ಹೇಳುವುದರಲ್ಲಿ ಅರ್ಧ ಭಾಗ ಇದೇ ವಿಚಾರ. ಕೋಲಿನ ಉದ್ದ, ಭಾರ, ಬಳುಕು, ಓರೆ. ಇವು ಆಡುವವನ ಮೈಗೆ ಒಪ್ಪಬೇಕು. ಒಪ್ಪದಿದ್ದರೆ ಮೈ ಕೋಲಿಗೆ ಒಗ್ಗಿಕೊಳ್ಳಲು ಹೊರಡುತ್ತದೆ. ಕೆಡುವುದು ಅಲ್ಲೇ.

ಬಾಬಿ ಜೋನ್ಸ್ ಎಂಬ ಅಮೆರಿಕದ ಆಟಗಾರನ ಬಗ್ಗೆ ಗಾಲ್ಫ್ ಬಲ್ಲವರು ತಪ್ಪದೆ ಹೇಳುವ ಒಂದು ಕಥೆಯುಂಟು. ಜೋನ್ಸ್ 1930ರಲ್ಲಿ ಆ ಕಾಲದ ನಾಲ್ಕೂ ದೊಡ್ಡ ಸ್ಪರ್ಧೆಗಳನ್ನು ಒಂದೇ ವರ್ಷದಲ್ಲಿ ಗೆದ್ದವನು. ಆಗ ಕೋಲಿನ ದಂಡ ಹಿಕರಿ ಎಂಬ ಮರದ್ದು. ಒಂದು ಮರದ ದಂಡದಂತೆ ಇನ್ನೊಂದಿಲ್ಲ. ಜೋನ್ಸ್ ನೂರಾರು ಕೋಲುಗಳನ್ನು ಕೈಯಲ್ಲಿ ತೂಗಿ, ಬೀಸಿ, ಒಂದೊಂದಾಗಿ ಆರಿಸಿಕೊಂಡಿದ್ದ. ಮುಂದೆ ಆ ಕೋಲುಗಳ ತೂಕದ ಹದವನ್ನು ಯಂತ್ರದಲ್ಲಿಟ್ಟು ನೋಡಿದಾಗ, ಒಂದನ್ನು ಬಿಟ್ಟು ಉಳಿದವೆಲ್ಲ ಒಂದೇ ಹದದಲ್ಲಿದ್ದವಂತೆ. ಆ ಒಂದು ಯಾವುದು? ಇಂದಿನ 8 ನಂಬರಿಗೆ ಸಮನಾದ ಕೋಲು. ಆ ಕೋಲು ಮೊದಲಿನಿಂದಲೂ ತನಗೆ ಒಲಿಯಲಿಲ್ಲವೆಂದು ಜೋನ್ಸ್ ಹೇಳುತ್ತಿದ್ದನಂತೆ. ಜಗತ್ತಿನಲ್ಲೇ ಮೇಲಾದ ಕೈಗಳೂ ಒಂದು ಹದ ತಪ್ಪಿದ ಕೋಲನ್ನು ತಿದ್ದಿಕೊಳ್ಳಲಾಗಲಿಲ್ಲ ಎಂದಾದರೆ, ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಆಡುವವನ ಪಾಡು ಹೇಳಬೇಕಾಗಿಲ್ಲ.

ಕೋಲಿನಲ್ಲಿ ಮೊದಲು ನೋಡಬೇಕಾದ್ದು ದಂಡ, ಅಂದರೆ ಶಾಫ್ಟ್. ಅಂಗಡಿಗೆ ಹೋದವರು ನೋಡುವುದು ಮಾತ್ರ ತಲೆಯನ್ನು. ಹೊಳೆಯುವುದು ಅದೇ ತಾನೆ. ಬ್ರಿಟನ್ನಿನ ಆಡಳಿತ ಮಂಡಳಿ ಉಕ್ಕಿನ ದಂಡಕ್ಕೆ ಒಪ್ಪಿಗೆ ಕೊಟ್ಟದ್ದು 1929ರಲ್ಲಿ. ಆಮೇಲೆ ಗ್ರಾಫೈಟ್ ಬಂತು. ಉಕ್ಕಿನ ದಂಡ ಸುಮಾರು 95ರಿಂದ 130 ಗ್ರಾಂ ತೂಗಿದರೆ ಗ್ರಾಫೈಟಿನದು ಅದರ ಅರ್ಧದಷ್ಟಕ್ಕೂ ಸಿಗುತ್ತದೆ. ತೂಕದ ಜೊತೆಗೆ ಬಳುಕು. ದಂಡದ ಮೇಲೆ ‘ಆರ್’ ಎಂದಿದ್ದರೆ ಸಾಧಾರಣ ಬಳುಕು, ‘ಎಸ್’ ಎಂದಿದ್ದರೆ ಬಿಗಿ, ‘ಎ’ ಎಂದಿದ್ದರೆ ವಯಸ್ಸಾದವರಿಗೆ, ‘ಎಲ್’ ಎಂದಿದ್ದರೆ ಹೆಂಗಸರಿಗೆ ಎಂದು ಲೆಕ್ಕ. ಈ ಅಕ್ಷರಗಳಿಗೆ ಎಲ್ಲ ಕಂಪೆನಿಗಳೂ ಒಪ್ಪಿಕೊಂಡ ಒಂದು ಅಳತೆ ಇಲ್ಲ. ಒಬ್ಬನ ‘ಆರ್’ ಇನ್ನೊಬ್ಬನ ‘ಎಸ್’ ಆಗಿರಬಹುದು. ಸಿದ್ಧ ಉಡುಪಿನ ಅಂಗಡಿಯಲ್ಲಿ ನಲವತ್ತರ ಅಂಗಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ದೊಗಲೆ ಆಗುವಂತೆಯೇ ಇದು. ತೊಟ್ಟು ನೋಡದೆ ಗತಿಯಿಲ್ಲ.

ಬಿಗಿ ದಂಡವನ್ನು ಬಳುಕಿಸಲು ವೇಗ ಬೇಕು. ಅಮೆರಿಕದ ವೃತ್ತಿಪರ ಗಂಡಸರು ಡ್ರೈವರ್ ಬೀಸಿದಾಗ ತಲೆಯ ವೇಗ ಗಂಟೆಗೆ 185 ಕಿಲೋಮೀಟರಿನ ಆಸುಪಾಸು. ಹವ್ಯಾಸಕ್ಕೆ ಆಡುವ ಸಾಮಾನ್ಯ ಗಂಡಸಿನದು 150. ಅರವತ್ತು ದಾಟಿದವರಲ್ಲಿ ಹಲವರದು ಅದಕ್ಕೂ ಸಾಕಷ್ಟು ಕಡಿಮೆ. ಆದರೂ ಬಿಗಿ ದಂಡವೇ ಬೇಕೆನ್ನುವವರು ಹೆಚ್ಚು. ‘ವಯಸ್ಸಾದವರ ದಂಡ’ ಎಂದು ಬರೆದಿರುವುದನ್ನು ಚೀಲದಲ್ಲಿಟ್ಟುಕೊಂಡು ನಾಲ್ಕು ಜನರ ಎದುರು ಹೊರಡಲು ಯಾವ ಗಂಡಸಿಗೆ ಮನಸ್ಸಾಗುತ್ತದೆ! ಹೀಗೆ ಮಾನಕ್ಕೆ ಅಂಜಿ ಕೊಂಡ ಬಿಗಿ ದಂಡ ಬಳುಕುವುದಿಲ್ಲ. ಚೆಂಡು ಏಳುವುದಿಲ್ಲ, ಎದ್ದರೂ ಬಲಕ್ಕೆ ಜಾರುತ್ತದೆ. ಜಾರಿದ್ದನ್ನು ಸರಿಪಡಿಸಲು ಅವನು ಭುಜದಿಂದ ಎಳೆಯತೊಡಗುತ್ತಾನೆ. ಆರು ತಿಂಗಳಲ್ಲಿ ಎಳೆಯುವುದೇ ಅಭ್ಯಾಸವಾಗುತ್ತದೆ. ಆಮೇಲೆ ಸರಿಯಾದ ಕೋಲು ಕೊಟ್ಟರೂ ಅವನು ಎಳೆಯುತ್ತಲೇ ಇರುತ್ತಾನೆ.

ಈಗ ದೊಡ್ಡ ಊರುಗಳಲ್ಲಿ ರಾಡಾರ್ ಇಟ್ಟು ವೇಗ ಅಳೆಯುವ ಅನುಕೂಲವಿದೆ. ಅನುಕೂಲ ಇದ್ದಲ್ಲಿ ಒಂದು ಅಪಾಯವೂ ಇದೆ. ಯಂತ್ರದ ಮುಂದೆ ನಿಂತವನು ಮೈದಾನದಲ್ಲಿ ಎಂದೂ ಬೀಸದಷ್ಟು ಜೋರಾಗಿ ಬೀಸುತ್ತಾನೆ. ಡಾಕ್ಟರ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರ ಹಾಗೆ. ಹತ್ತು ಹೊಡೆತಗಳಲ್ಲಿ ಒಂದು ದೂರ ಹೋಗಿ, ಆ ಅಂಕಿ ಪರದೆಯ ಮೇಲೆ ಮೂಡಿದರೆ ವ್ಯಾಪಾರ ಮುಗಿದಂತೆಯೇ. ಉಳಿದ ಒಂಬತ್ತು ಎಲ್ಲಿ ಬಿದ್ದವು ಎಂದು ಕೇಳುವವರಿಲ್ಲ. ಕೇಳಬೇಕಾದ್ದು ಆ ಒಂಬತ್ತರ ವಿಚಾರವನ್ನೇ. ಅಂಗಡಿಯೊಳಗಿನ ರಬ್ಬರ್ ಚಾಪೆಯೂ ಸಾಚಾ ಅಲ್ಲ. ಚೆಂಡಿಗಿಂತ ಒಂದೆರಡು ಅಂಗುಲ ಹಿಂದೆ ಹೊಡೆದರೂ ಚಾಪೆಯ ಮೇಲೆ ಕೋಲು ಜಾರಿಕೊಂಡು ಹೋಗಿ ಚೆಂಡನ್ನು ಮುಟ್ಟುತ್ತದೆ. ಹುಲ್ಲಿನ ಮೇಲಾದರೆ ಅದೇ ಹೊಡೆತಕ್ಕೆ ಮಣ್ಣಿನ ಹೆಂಟೆ ಚೆಂಡಿಗಿಂತ ಮುಂದೆ ಹಾರುತ್ತದೆ.

ದಂಡವಾದ ಮೇಲೆ ಓರೆ. ಇದಕ್ಕೆ ‘ಲೈ’ ಎನ್ನುತ್ತಾರೆ. ಕೋಲನ್ನು ನೆಲಕ್ಕೆ ಊರಿದಾಗ ದಂಡ ಎಷ್ಟು ವಾಲಿರುತ್ತದೆ ಎಂಬ ಲೆಕ್ಕ. ಎತ್ತರದವನ ಕೈಯಲ್ಲಿ ಓರೆ ಹೆಚ್ಚಾದ ಕೋಲು ಇದ್ದರೆ ತಲೆಯ ಹಿಮ್ಮಡಿ ಮೇಲೇಳುತ್ತದೆ, ಚೆಂಡು ಬಲಕ್ಕೆ ಹೋಗುತ್ತದೆ. ಗಿಡ್ಡನ ಕೈಯಲ್ಲಿ ನೆಟ್ಟಗಿನ ಕೋಲಿದ್ದರೆ ತುದಿ ಮೇಲೇಳುತ್ತದೆ, ಚೆಂಡು ಎಡಕ್ಕೆ ಹೋಗುತ್ತದೆ. ಎಡಗೈಯವರಿಗೆ ಇದರ ತಿರುಗು ಮುರುಗು. ಆದರೆ ಎತ್ತರ ಒಂದನ್ನೇ ನೋಡಿ ನಿರ್ಧರಿಸುವುದೂ ತಪ್ಪು. ಆರಡಿ ಆಳಿಗೆ ಉದ್ದ ತೋಳುಗಳಿದ್ದರೆ ಅವನ ಮಣಿಕಟ್ಟು ನೆಲಕ್ಕೆ ಹತ್ತಿರವೇ ಇರುತ್ತದೆ. ಅದಕ್ಕೇ ನೆಟ್ಟಗೆ ನಿಲ್ಲಿಸಿ, ಮಣಿಕಟ್ಟಿನಿಂದ ನೆಲಕ್ಕೆ ಎಷ್ಟಿದೆ ಎಂದು ಟೇಪು ಹಿಡಿದು ಅಳೆಯುವುದು. ಅದಾದ ಮೇಲೆ ತಲೆಯ ಅಡಿಗೆ ಪಟ್ಟಿ ಅಂಟಿಸಿ ಹಲಗೆಯ ಮೇಲೆ ಬೀಸಿಸುತ್ತಾರೆ. ಗೀರು ನಡುವೆ ಬಿದ್ದರೆ ಸರಿ, ತುದಿಗೋ ಹಿಮ್ಮಡಿಗೋ ಬಿದ್ದರೆ ಕೋಲನ್ನು ಎರಡು ಡಿಗ್ರಿ ಬಗ್ಗಿಸಿದರಾಯಿತು. ಹೊಸ ಸೆಟ್ಟಿನ ಬೆಲೆಗೆ ಹೋಲಿಸಿದರೆ ಇದು ಪುಡಿಗಾಸಿನ ಕೆಲಸ. ಆದರೆ ವರ್ಷಗಟ್ಟಲೆ ಚೆಂಡು ಎಡಕ್ಕೆ ಹೋಗುತ್ತದೆಂದು ನಿಲುವು ಬದಲಿಸಿ, ಹಿಡಿತ ಬದಲಿಸಿ, ಕೊನೆಗೆ ಗುರುವನ್ನೇ ಬದಲಿಸಿದವರು ಇದನ್ನು ಮಾತ್ರ ಮಾಡಿಸಿರುವುದಿಲ್ಲ.

ಓರೆಯ ಈ ವಿಚಾರವನ್ನು ಸಾಮಾನ್ಯ ಆಟಗಾರನವರೆಗೆ ತಂದವರಲ್ಲಿ ಮುಖ್ಯನಾದವನು ಕಾರ್ಸ್ಟನ್ ಸೋಲ್‌ಹೈಮ್. ಹುಟ್ಟಿದ್ದು 1911ರಲ್ಲಿ, ನಾರ್ವೆ ದೇಶದಲ್ಲಿ. ಬೆಳೆದದ್ದು ಅಮೆರಿಕದಲ್ಲಿ. ಅಪ್ಪನದು ಚಪ್ಪಲಿ ಹೊಲಿಯುವ ಕಸುಬು, ಮಗನೂ ಕೆಲವು ಕಾಲ ಅದನ್ನೇ ಮಾಡಿದ. ಮುಂದೆ ಜನರಲ್ ಎಲೆಕ್ಟ್ರಿಕ್ ಕಂಪೆನಿಯಲ್ಲಿ ಎಂಜಿನಿಯರ್. ಗಾಲ್ಫ್ ಕೋಲು ಹಿಡಿದಾಗ ವಯಸ್ಸು ನಲವತ್ತು ದಾಟಿತ್ತು. ಗುಳಿಯ ಹತ್ತಿರ ಚೆಂಡನ್ನು ಮೆಲ್ಲಗೆ ತಳ್ಳುವ ಪಟರ್ ಅವನಿಗೆ ಒಲಿಯಲಿಲ್ಲ. ಎಲ್ಲರೂ ತಮ್ಮ ಕೈಯನ್ನು ಬೈದುಕೊಂಡು ಸುಮ್ಮನಾಗುವ ಕಡೆ ಈತ ಕೋಲನ್ನೇ ಬಿಚ್ಚಿ ನೋಡಿದ. ಚೆಂಡು ತಲೆಯ ನಟ್ಟನಡುವೆ ತಾಗದೆ ಆಚೀಚೆ ತಾಗಿದರೆ ತಲೆ ತಿರುಚಿಕೊಳ್ಳುತ್ತದೆ. ತಿರುಚದಿರಬೇಕಾದರೆ ಭಾರವನ್ನು ನಡುವಿನಿಂದ ತೆಗೆದು ಎರಡು ತುದಿಗಳಿಗೆ ಹಂಚಬೇಕು. ತಕ್ಕಡಿ ಹಿಡಿದವನಿಗೆ ಗೊತ್ತಿರುವ ಸಂಗತಿ ಇದು. 1959ರಲ್ಲಿ ಮನೆಯ ಗ್ಯಾರೇಜಿನಲ್ಲಿ ಮಾಡಿದ ಮೊದಲ ಪಟರ್ ಚೆಂಡಿಗೆ ತಾಗಿದಾಗ ‘ಪಿಂಗ್’ ಎಂದಿತು. ಅದೇ ಹೆಸರಾಯಿತು. 1966ರಲ್ಲಿ ಇನ್ನೊಂದು ವಿನ್ಯಾಸ ಹೊಳೆದಾಗ ಕೈಗೆ ಸಿಕ್ಕಿದ ಗ್ರಾಮಫೋನ್ ತಟ್ಟೆಯ ಲಕೋಟೆಯ ಮೇಲೆ ಗೀಚಿಟ್ಟ. ಹೆಂಡತಿ ಲೂಯಿಸ್ ಅದಕ್ಕೆ ‘ಆನ್ಸರ್’ ಎಂದು ಹೆಸರಿಡಲು ಹೇಳಿದಳು. ಇಂಗ್ಲಿಷ್ ಕಾಗುಣಿತದ ಅಷ್ಟೂ ಅಕ್ಷರ ಕೋಲಿನ ಮೇಲೆ ಹಿಡಿಸಲಿಲ್ಲವೆಂದು ಉಚ್ಚಾರಕ್ಕೆ ಬೇಡದ ಒಂದನ್ನು ಕಿತ್ತು ಹಾಕಿದರು. ಇಂದಿಗೂ ಎಷ್ಟೋ ಕಂಪೆನಿಗಳ ಪಟರುಗಳು ಅದರ ನಕಲೇ. ಇದೇ ಉಪಾಯವನ್ನು ಅವನು ಕಬ್ಬಿಣದ ಕೋಲುಗಳಿಗೂ ತಂದ. ಓರೆಗೊಂದೊಂದು ಬಣ್ಣದ ಚುಕ್ಕೆಯಿಟ್ಟು, ಇಷ್ಟು ಎತ್ತರಕ್ಕೆ ಇಷ್ಟು ಮಣಿಕಟ್ಟಿಗೆ ಈ ಬಣ್ಣ ಎಂದು ಪಟ್ಟಿ ಮಾಡಿದ. ಚಪ್ಪಲಿ ಹೊಲಿದವನಿಗೆ ಅಳತೆಯ ಬೆಲೆ ಗೊತ್ತಿತ್ತು ಎನ್ನಬೇಕು.

ಹೀಗೆ ಬೆನ್ನು ಟೊಳ್ಳಾಗಿ, ಅಂಚು ಭಾರವಾಗಿ ಇರುವ ಕೋಲು ತಪ್ಪನ್ನು ಮನ್ನಿಸುತ್ತದೆ. ಹಳೆಯ ಕಾಲದ, ಚಾಕುವಿನ ಅಲಗಿನಂತಹ ತೆಳು ಕೋಲು ಮನ್ನಿಸುವುದಿಲ್ಲ. ಹಾಗಾದರೆ ಎಲ್ಲರೂ ಮೊದಲನೆಯದನ್ನೇ ಕೊಳ್ಳಬೇಕಲ್ಲ ಎಂದರೆ, ಹವ್ಯಾಸಿಗಳ ಮಟ್ಟಿಗೆ ಹೌದು. ಆದರೆ ಅಮೆರಿಕದ ಪೇಯ್ನ್ ಸ್ಟೂವರ್ಟ್‌ನ ಕಥೆ ಬೇರೆ. ಎರಡು ದೊಡ್ಡ ಪ್ರಶಸ್ತಿ ಗೆದ್ದಿದ್ದ ಸ್ಟೂವರ್ಟ್, ಬೆರಳ ತುದಿಯ ಸ್ಪರ್ಶದಿಂದಲೇ ಚೆಂಡನ್ನು ಬಾಗಿಸುವ ಕಲೆಗಾರ. ಅವನ ಕೋಲು ತೆಳು ಅಲಗಿನದು. ದೊಡ್ಡ ಮೊತ್ತದ ಒಪ್ಪಂದವೊಂದಕ್ಕೆ ಸಹಿ ಹಾಕಿ ಕ್ಷಮಾಗುಣದ ಟೊಳ್ಳು ಬೆನ್ನಿನ ಕೋಲಿಗೆ ಬದಲಾದ. 1994ರಲ್ಲಿ ಗಳಿಕೆಯ ಪಟ್ಟಿಯಲ್ಲಿ ನೂರರಾಚೆಗೆ ಜಾರಿದ. ತಪ್ಪು ಮಾಡದವನಿಗೆ ಕ್ಷಮೆಯಿಂದೇನು ಪ್ರಯೋಜನ? ಅವನಿಗೆ ಬೇಕಿದ್ದದ್ದು ಚೆಂಡು ತಾಗಿದ್ದು ಎಲ್ಲಿ ಎಂದು ಕೈಗೆ ತಿಳಿಸುವ ಕೋಲು. ಒಪ್ಪಂದ ಮುಗಿದು ತನಗೆ ಬೇಕಾದ ಕೋಲು ಹಿಡಿದವನು 1999ರ ಜೂನ್‌ನಲ್ಲಿ ಅಮೆರಿಕನ್ ಓಪನ್ ಗೆದ್ದ. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ.

ಮರದ ತಲೆಯ ಕೋಲುಗಳ ಸಂಗತಿಯೂ ಹೀಗೇ ತಿರುಗಿತು. ಮೊದಲು ಅವಕ್ಕೆ ಪರ್ಸಿಮನ್ ಮರ, ನಮ್ಮ ಬೀಡಿ ಎಲೆಯ ಮರದ, ಕರಿಮರದ ಬಳಗದ್ದು. 1979ರಲ್ಲಿ ಗ್ಯಾರಿ ಆಡಮ್ಸ್ ಲೋಹದ ತಲೆ ತಂದಾಗ ಜನ ನಕ್ಕರು. 1991ರಲ್ಲಿ ಕ್ಯಾಲವೇ ಕಂಪೆನಿಯ ‘ಬಿಗ್ ಬರ್ಥಾ’ ಬಂತು. ಒಂದನೆಯ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರು. ಅಲ್ಲಿಂದ ತಲೆ ಊದುತ್ತಲೇ ಹೋಗಿ 2004ರಲ್ಲಿ 460 ಘನ ಸೆಂಟಿಮೀಟರಿಗೆ ಮಿತಿ ಹಾಕಬೇಕಾಯಿತು. ಮರದ ತಲೆಯ ಎರಡು ಪಟ್ಟಿಗೂ ಮಿಗಿಲು. ಹೆಸರಿಗೆ ಮಾತ್ರ ಇಂದಿಗೂ ‘ವುಡ್’. ಸ್ಟೀಲಿನ ಪಾತ್ರೆಯಲ್ಲಿ ಬೇಯಿಸಿದರೂ ಮಡಕೆ ಸಾರು ಎಂದಂತೆ!

ನಂಬರಿನ ಮಾಯೆಯೊಂದು ಬೇರೆ ಇದೆ. ಕಬ್ಬಿಣದ ಕೋಲುಗಳಿಗೆ ನಂಬರುಂಟು. ನಂಬರು ಹೆಚ್ಚಿದಂತೆ ಮುಖ ಆಕಾಶಕ್ಕೆ ವಾಲಿರುತ್ತದೆ, ಚೆಂಡು ಎತ್ತರಕ್ಕೇರಿ ಹತ್ತಿರ ಬೀಳುತ್ತದೆ. ಈ ವಾಲಿಗೆ ‘ಲಾಫ್ಟ್’ ಎಂದು ಹೆಸರು. ಕೆಲವು ದಶಕಗಳ ಹಿಂದೆ 7 ನಂಬರಿನ ಲಾಫ್ಟ್ 36, 38 ಡಿಗ್ರಿ ಇರುತ್ತಿತ್ತು. ಇಂದು ಕೆಲವು ಕಂಪೆನಿಗಳ 7 ನಂಬರ್ 28 ಡಿಗ್ರಿಯ ಆಸುಪಾಸಿನಲ್ಲಿದೆ. ಅಂದರೆ ಹಳೆಯ 4 ಇಲ್ಲವೆ 5 ನಂಬರಿನ ಕೋಲಿಗೆ 7 ಎಂದು ಅಚ್ಚೊತ್ತಿದ್ದಾರೆ. ಹೊಸ ಕೋಲಿನಲ್ಲಿ ಚೆಂಡು ಇಪ್ಪತ್ತು ಗಜ ಹೆಚ್ಚು ಹೋಯಿತೆಂದು ಹಿಗ್ಗುವವನು ಈ ಲೆಕ್ಕ ನೋಡಿರುವುದಿಲ್ಲ. ಇದು ಪೂರಾ ಮೋಸವೂ ಅಲ್ಲ. ಭಾರ ಕೆಳಗಿರುವ ಹೊಸ ತಲೆ ಚೆಂಡನ್ನು ತಾನಾಗಿ ಮೇಲೆತ್ತುತ್ತದೆ. ಲಾಫ್ಟ್ ತಗ್ಗಿಸದಿದ್ದರೆ ಚೆಂಡು ಸುಮ್ಮನೆ ಗಗನಕ್ಕೇರೀತು. ಆದರೆ ಮೇಲಿನ ನಂಬರುಗಳೆಲ್ಲ ಕೆಳಕ್ಕೆ ಜಾರಿದಾಗ ಕೊನೆಯಲ್ಲಿ ತೂತು ಬೀಳುತ್ತದೆ. ಅದನ್ನು ಮುಚ್ಚಲು ಇನ್ನೊಂದು ವೆಜ್, ಅದರ ಪಕ್ಕಕ್ಕೆ ಮತ್ತೊಂದು. ಅದನ್ನೂ ಅದೇ ಅಂಗಡಿಯವನೇ ಮಾರುತ್ತಾನೆ.

ಆದ್ದರಿಂದ ತಿಳಿದವರು ನಂಬರು ನೋಡುವುದಿಲ್ಲ, ಗಜ ನೋಡುತ್ತಾರೆ. ಒಂದು ಕೋಲಿಗೂ ಮುಂದಿನ ಕೋಲಿಗೂ ಹತ್ತು ಹನ್ನೆರಡು ಗಜದ ಅಂತರ ಇರಬೇಕು. ಹವ್ಯಾಸಿಗಳ ಚೀಲದಲ್ಲಿ 3, 4, 5 ನಂಬರಿನ ಮೂರೂ ಕೋಲುಗಳು ಒಂದೇ ದೂರ ಹೊಡೆಯುವುದು ಮಾಮೂಲು. ವೇಗ ಸಾಲದವನಿಗೆ ಉದ್ದ ಕಬ್ಬಿಣ ಚೆಂಡನ್ನು ಎತ್ತಿಕೊಡುವುದಿಲ್ಲ. ಅಂಥವರಿಗೆ ಹೈಬ್ರಿಡ್ ಎಂಬ ಮಿಶ್ರತಳಿಯ ಕೋಲು ನಿಜಕ್ಕೂ ವರ. ಬೆಂಗಳೂರಿನವರು ಇನ್ನೊಂದು ಮಾತು ನೆನಪಿಡಬೇಕು. ಊರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ನೂರಕ್ಕೆ ಮೂರು ನಾಲ್ಕು ಪಾಲು ಹೆಚ್ಚು ಹೋಗುತ್ತದೆ. ಇಲ್ಲಿ 150 ಗಜ ಹೊಡೆದ ಕೋಲು ಮಂಗಳೂರಿನಲ್ಲೋ ಚೆನ್ನೈಯಲ್ಲೋ ಐದಾರು ಗಜ ಗಿಡ್ಡವಾದರೆ ಅದು ಕೋಲಿನ ತಪ್ಪಲ್ಲ.

ಇದೆಲ್ಲ ಚೆನ್ನಾಗಿ ಬಲ್ಲವನು ಕೋಲು ಹೊರುವ ಕ್ಯಾಡಿ. “ಸಾರ್, ಏಳು ಸಾಲಲ್ಲ, ಆರು ತಗೊಳ್ಳಿ” ಎಂದು ಅವನು ಮೆಲ್ಲಗೆ ಹೇಳುತ್ತಾನೆ. “ಏನಯ್ಯಾ, ನೂರೈವತ್ತು ಗಜಕ್ಕೆ ಆರಾ? ಏಳು ಕೊಡು” ಎಂದು ಸಾಹೇಬರು ಗದರುತ್ತಾರೆ. ಅವನು ಏಳನ್ನೇ ಕೊಡುತ್ತಾನೆ. ಚೆಂಡು ಗುಳಿಗೆ ಹತ್ತು ಗಜ ಮುಂಚಿನ ಮರಳಿನಲ್ಲಿ ಬೀಳುತ್ತದೆ. ಅವನು ಆಮೇಲೆ ಏನೂ ಅನ್ನುವುದಿಲ್ಲ.

ಆ ಮರಳಿನಿಂದ ಚೆಂಡು ತೆಗೆಯಲು ಬೇರೆಯೇ ಕೋಲಿದೆ. ಅದಕ್ಕೆ ಇಂದಿನ ರೂಪ ಕೊಟ್ಟವನು ಜೀನ್ ಸಾರಜೆನ್. ವಿಮಾನ ಹಾರಿಸುವುದನ್ನು ಕಲಿಯುತ್ತಿದ್ದಾಗ, ಬಾಲ ಕೆಳಗೆ ವಾಲಿದರೆ ವಿಮಾನ ಮೇಲೇಳುವುದನ್ನು ಕಂಡು, ಕೋಲಿನ ಅಡಿಯ ಹಿಂಭಾಗಕ್ಕೆ ಸೀಸ ಬೆಸೆದು ಉಬ್ಬಿಸಿದ. 1932ರಲ್ಲಿ ಬ್ರಿಟಿಷ್ ಓಪನ್, ಅಮೆರಿಕನ್ ಓಪನ್ ಎರಡನ್ನೂ ಗೆದ್ದ. ಆ ಉಬ್ಬಿಗೆ ‘ಬೌನ್ಸ್’ ಎನ್ನುತ್ತಾರೆ. ಕೋಲು ಮರಳಿನಲ್ಲಿ ಹೂತುಹೋಗದೆ ಜಾರುವುದು ಅದರಿಂದಲೇ. ಆದರೆ ಸಡಿಲ ಮರಳಿಗೆ, ಹಸಿ ನೆಲಕ್ಕೆ ಬೇಕಾದ ಹನ್ನೆರಡು ಡಿಗ್ರಿ ಬೌನ್ಸು ಶಿವರಾತ್ರಿ ಕಳೆದ ಮೇಲಿನ ನಮ್ಮ ಗಟ್ಟಿ ನೆಲಕ್ಕೆ ಬೇಡ. ಅಲ್ಲಿ ಉಬ್ಬು ನೆಲಕ್ಕೆ ಬಡಿದು ಪುಟಿದು, ಅಲಗು ಚೆಂಡಿನ ನಡು ಹೊಟ್ಟೆಗೆ ತಾಗುತ್ತದೆ. ಆರು ಡಿಗ್ರಿಯದು ಲೇಸು. ಮಳೆಗಾಲದ ಮಡಿಕೇರಿಯಲ್ಲಿ ಆಡುವವನಿಗೆ ಇದೇ ಮಾತು ತಲೆಕೆಳಗು. ವಿದೇಶಿ ಪತ್ರಿಕೆಗಳ ಶಿಫಾರಸುಗಳನ್ನು ಓದಿ ಕೊಳ್ಳುವವರು ಎಡವುವುದು ಇಲ್ಲೇ. ಅವರು ಬರೆಯುವುದು ಅವರ ಮಣ್ಣಿಗೆ.

ಚೀಲದಲ್ಲಿ ಎಷ್ಟು ಕೋಲು? ಹದಿನಾಲ್ಕಕ್ಕಿಂತ ಹೆಚ್ಚು ಕೂಡದೆಂದು ಅಮೆರಿಕದಲ್ಲಿ 1938ರಿಂದ, ಬ್ರಿಟನ್ನಿನಲ್ಲಿ ಮರುವರ್ಷದಿಂದ ನಿಯಮ. ಅದಕ್ಕೆ ಮುಂಚೆ ಇಪ್ಪತ್ತೈದು ಮೂವತ್ತು ಹೊರಿಸುವವರಿದ್ದರು. ಈ ನಿಯಮ ಯಾರ ಹೊಟ್ಟೆ ಉರಿಸಿತೋ ಇಲ್ಲವೋ, ಇಯಾನ್ ವೂಸ್ನಮ್‌ನದನ್ನಂತೂ ಉರಿಸಿತು. 2001ರ ಬ್ರಿಟಿಷ್ ಓಪನ್‌ನ ಕೊನೆಯ ದಿನ ಅವನು ಮುಂಚೂಣಿಯಲ್ಲಿದ್ದ. ಮೊದಲ ಗುಳಿಯಲ್ಲಿ ಹೊಡೆದ ಚೆಂಡು ಗುಳಿಯ ಅಂಚಿಗೇ ಬಂದು ನಿಂತಿತ್ತು. ಎರಡನೆಯ ಗುಳಿಗೆ ಬಂದಾಗ ಕ್ಯಾಡಿ ತಗ್ಗಿದ ದನಿಯಲ್ಲಿ, ಚೀಲದಲ್ಲಿ ಎರಡು ಡ್ರೈವರ್ ಇವೆ ಎಂದ. ಬೆಳಿಗ್ಗೆ ಅಭ್ಯಾಸಕ್ಕೆಂದು ತಂದ ಇನ್ನೊಂದು ಹಾಗೇ ಉಳಿದುಬಿಟ್ಟಿತ್ತು. ಎರಡು ಹೊಡೆತಗಳ ದಂಡ ಬಿತ್ತು. ವೂಸ್ನಮ್ ಆ ಡ್ರೈವರನ್ನು ಎತ್ತಿ ಎಸೆದ. ಕೊನೆಗೆ ಮೂರನೆಯ ಸ್ಥಾನವನ್ನು ಹಂಚಿಕೊಂಡ. ಕ್ಯಾಡಿಯನ್ನು ಅಂದು ಮನ್ನಿಸಿದ; ಎರಡು ವಾರಗಳ ಬಳಿಕ ನಿದ್ದೆಯಿಂದ ಏಳದೆ ತಡಮಾಡಿದಾಗ ಮನ್ನಿಸಲಿಲ್ಲ.

ಹದಿನಾಲ್ಕು ಮೇಲಿನ ಮಿತಿ. ಹದಿನಾಲ್ಕೂ ಇರಲೇಬೇಕೆಂದು ಎಲ್ಲಿಯೂ ಬರೆದಿಲ್ಲ. ಸ್ಪೇನಿನ ಸೆವೆ ಬಾಯೆಸ್ಟೆರೋಸ್ ಹುಡುಗನಾಗಿದ್ದಾಗ ಊರಿನ ಕಡಲ ತೀರದಲ್ಲಿ ಒಂದೇ ಒಂದು 3 ನಂಬರಿನ ಕೋಲು ಹಿಡಿದು ಎತ್ತರ, ತಗ್ಗು, ಉದ್ದ, ಗಿಡ್ಡ ಎಲ್ಲ ಹೊಡೆತವನ್ನೂ ಕಲಿತ. ಆಮೇಲೆ ಬ್ರಿಟಿಷ್ ಓಪನ್ ಮೂರು ಸಲ ಗೆದ್ದ. ದೆಹಲಿಯ ಕ್ಯಾಡಿ ಅಲಿ ಶೇರ್ 1991ರಲ್ಲೂ 1993ರಲ್ಲೂ ಇಂಡಿಯನ್ ಓಪನ್ ಗೆದ್ದ. ಹೊಸದಾಗಿ ಕಲಿಯುವವನಿಗೆ ಒಂದು ಹೈಬ್ರಿಡ್, 6, 8 ನಂಬರಿನ ಎರಡು ಕಬ್ಬಿಣ, ಎರಡು ವೆಜ್, ಒಂದು ಪಟರ್ ಇದ್ದರೆ ಒಂದು ವರ್ಷಕ್ಕೆ ಧಾರಾಳ. ಡ್ರೈವರ್ ಬೇಕೇಬೇಕೆಂದರೆ ಲಾಫ್ಟ್ ಹನ್ನೆರಡು ಡಿಗ್ರಿಗೆ ಹತ್ತಿರ ಇರಲಿ, ಒಂಬತ್ತರದು ಬಲವಂತರಿಗೆ. ಹಳೆಯ ಸೆಟ್ಟು ಸಿಕ್ಕಿದರೆ ಸಂಕೋಚ ಬೇಡ. ಐದು ವರ್ಷ ಹಳೆಯ, ಅಳತೆಗೆ ಒಪ್ಪುವ ಕೋಲು ಅಳತೆಗೆ ಒಪ್ಪದ ಹೊಸದಕ್ಕಿಂತ ಮೇಲು. ಆದರೆ ನಂಬಲಾಗದಷ್ಟು ಅಗ್ಗಕ್ಕೆ ಸಿಗುವ ಹೊಸ ಹೆಸರಾಂತ ಕೋಲನ್ನು ನಂಬಬಾರದು. ನಕಲಿ ಮಾಲು ಪೇಟೆಯಲ್ಲಿ ಬಹಳ.

ಮನೆಯೊಳಗಿನ ಅನ್ಯಾಯ ಒಂದಿದೆ. ಗಂಡ ಹೊಸ ಸೆಟ್ಟು ಕೊಂಡಾಗ ಹಳೆಯದು ಹೆಂಡತಿಯ ಪಾಲಿಗೆ ಬರುತ್ತದೆ. ಮಗ ಎಂಟು ವರ್ಷದವನಾದರೆ ಅದನ್ನೇ ಎರಡು ಅಂಗುಲ, ಆರು ಅಂಗುಲ ಕತ್ತರಿಸಿ ಕೊಡುತ್ತಾರೆ. ಕತ್ತರಿಸಿದ ದಂಡದ ಬಳುಕು ಇನ್ನಷ್ಟು ಕಡಿಮೆಯಾಗುತ್ತದೆ, ತಲೆಯ ಭಾರ ಹಾಗೇ ಉಳಿಯುತ್ತದೆ. ಗಡಾರಿ ಎತ್ತಿದಂತೆ ಎತ್ತಬೇಕು. ಮಗು ಮೊದಲ ದಿನವೇ ಬೆನ್ನು ಬಾಗಿಸಿ ಕೋಲನ್ನು ಹಿಂದಕ್ಕೆಳೆಯಲು ಕಲಿಯುತ್ತದೆ. ಹೆಂಡತಿ ಆರು ವಾರ ಆಡಿ, ಈ ಆಟ ತನಗೆ ಬಾರದೆಂದು ಬಿಟ್ಟುಬಿಡುತ್ತಾಳೆ. ಬಾರದಿದ್ದದ್ದು ಆಟವಲ್ಲ. ಅವಳ ಕೈಯಲ್ಲಿದ್ದ ಕೋಲು ಅವಳದಾಗಿರಲಿಲ್ಲ.

ಹಾಗಾದರೆ ಹಣವಿದ್ದವನು ಯಾವ ಕೋಲಿಗೆ ಹೆಚ್ಚು ಸುರಿಯಬೇಕು? ಹಿರಿಯರು ಹೇಳುತ್ತಿದ್ದದ್ದು ಪಟರಿಗೆ. ಡ್ರೈವರ್ ಹೊಡೆಯುವುದು ಒಂದು ಸುತ್ತಿನಲ್ಲಿ ಹೆಚ್ಚೆಂದರೆ ಹದಿನಾಲ್ಕು ಸಲ, ಪಟರಿನಿಂದ ತಳ್ಳುವುದು ಮೂವತ್ತಾರು ಸಲ ಎಂದು ಅವರ ಲೆಕ್ಕ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅಸಂಖ್ಯ ಹೊಡೆತಗಳ ದಾಖಲೆ ಕೂಡಿಸಿ 2014ರಲ್ಲಿ ಪುಸ್ತಕ ಬರೆದು ಈ ಲೆಕ್ಕವನ್ನು ಅಲುಗಾಡಿಸಿದ. ಒಳ್ಳೆಯ ಆಟಗಾರನಿಗೂ ಸಾಧಾರಣನಿಗೂ ಇರುವ ಅಂತರದ ಮೂರರಲ್ಲಿ ಎರಡು ಪಾಲು ನೂರು ಗಜಕ್ಕಿಂತ ದೂರದ ಹೊಡೆತಗಳಲ್ಲೇ ಹುಟ್ಟುತ್ತದೆ ಎಂದು ತೋರಿಸಿದ. ಆದ್ದರಿಂದ ಮಧ್ಯದ ಕಬ್ಬಿಣಗಳನ್ನು ಅಳತೆಗೆ ಮಾಡಿಸಿಕೊಳ್ಳುವುದೇ ಮೊದಲ ಖರ್ಚಾಗಬೇಕು.

ಆದರೂ ಸರಾಸರಿ ಎಂಬುದು ಸರಾಸರಿ. 2021ರ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಅದಿತಿ ಅಶೋಕ್ ಆಡಿದ್ದನ್ನು ನೋಡಿದವರಿಗೆ ಅದು ಗೊತ್ತು. ಕೋವಿಡ್‌ನಿಂದ ಚೇತರಿಸಿಕೊಂಡ ಮೈಯಲ್ಲಿ ಬಲ ಕುಂದಿತ್ತು; ಆ ಸ್ಪರ್ಧೆಯಲ್ಲಿ ಅತಿ ಗಿಡ್ಡ ದೂರಕ್ಕೆ ಹೊಡೆಯುವವರಲ್ಲಿ ಅವರೂ ಒಬ್ಬರು. ಬೇರೆಯವರು ಗಿಡ್ಡ ಕಬ್ಬಿಣ ಎತ್ತಿಕೊಳ್ಳುವ ಕಡೆ ಅವರು ಹೈಬ್ರಿಡ್ಡನ್ನೋ ವುಡ್ಡನ್ನೋ ಎತ್ತಿಕೊಳ್ಳಬೇಕಾಗುತ್ತಿತ್ತು. ಚೀಲ ಹೊತ್ತವರು ತಾಯಿ. ಪಟರ್ ಹಿಡಿದಾಗ ಮಾತ್ರ ಚೆಂಡು ಹೇಳಿದ ಮಾತು ಕೇಳುತ್ತಿತ್ತು. ನಾಲ್ಕು ದಿನಗಳ ಕೊನೆಗೆ 15 ಹೊಡೆತ ಉಳಿಸಿ ನಾಲ್ಕನೆಯ ಸ್ಥಾನ. ಪದಕಕ್ಕೆ ಒಂದೇ ಹೊಡೆತ ಕಡಿಮೆ. ಕೋಲ್ಕತ್ತದ ಮೈದಾನದ ಕೆಲಸಗಾರನ ಮಗ ಎಸ್.ಎಸ್.ಪಿ. ಚೌರಾಸಿಯಾ ಕೂಡ ಅಂಥವನೇ. ದೂರ ಹೊಡೆಯದೆ, ಗುಳಿಯ ಸುತ್ತಲಿನ ಕೈಚಳಕದಿಂದಲೇ 2016, 2017ರಲ್ಲಿ ಸಾಲಾಗಿ ಎರಡು ಇಂಡಿಯನ್ ಓಪನ್ ಗೆದ್ದವನು. ಇವರ ಚೀಲದ ನಕಲು ಮಾಡಿದರೆ ಇವರ ಆಟ ಬರುವುದಿಲ್ಲ ಎಂಬುದು ಬೇರೆ ಮಾತು.

ಇಷ್ಟೆಲ್ಲ ಯೋಚಿಸಿ, ಹಣ ಕೂಡಿಸಿ, ಅಂಗಡಿಗೆ ಹೊರಡುವ ಮುನ್ನ ನೋಡಬೇಕಾದ ಒಂದು ಸಂಗತಿ ಉಳಿದಿದೆ. ಅದು ಹಿಡಿಗೆ ಸುತ್ತಿದ ರಬ್ಬರು. ಕೋಲಿಗೂ ಆಟಗಾರನಿಗೂ ಇರುವ ಸಂಬಂಧ ಅಷ್ಟೇ ಉದ್ದದ್ದು. ನಮ್ಮ ಬಿಸಿಲಿಗೆ, ಬೆವರಿಗೆ, ಕಾರಿನ ಡಿಕ್ಕಿಯ ಸೆಕೆಗೆ ರಬ್ಬರು ಒಂದು ವರ್ಷದಲ್ಲಿ ಗಾಜಿನಂತೆ ನಯವಾಗುತ್ತದೆ. ಜಾರುವ ಹಿಡಿಯನ್ನು ಕೈ ಬಿಗಿಯಾಗಿ ಅದುಮುತ್ತದೆ, ಬಿಗಿ ಮುಷ್ಟಿ ತೋಳಿಗೇರುತ್ತದೆ, ತೋಳಿನಿಂದ ಭುಜಕ್ಕೆ. ದಪ್ಪವೂ ಮುಖ್ಯ. ಎಡಗೈಯಲ್ಲಿ ಹಿಡಿದಾಗ ನಡುವಿನ ಎರಡು ಬೆರಳುಗಳ ತುದಿ ಅಂಗೈಯನ್ನು ಸುಮ್ಮನೆ ಮುಟ್ಟಬೇಕು. ಅಂಗೈಗೆ ಚುಚ್ಚಿಕೊಂಡರೆ ಹಿಡಿ ಸಣ್ಣ, ಮುಟ್ಟದಿದ್ದರೆ ದಪ್ಪ. ತಿಂಗಳಿಗೊಮ್ಮೆ ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು ನೆರಳಲ್ಲಿ ಒಣಗಿಸಿದರೆ ಅರ್ಧ ವರ್ಷ ಹೆಚ್ಚು ಬಾಳುತ್ತದೆ. ಅದಕ್ಕೂ ಮೀರಿದ್ದನ್ನು ಕ್ಲಬ್ಬಿನಲ್ಲೇ ಬದಲಾಯಿಸಿ ಕೊಡುತ್ತಾರೆ. ಒಂದು ಕೋಲಿಗೆ ಹತ್ತು ನಿಮಿಷದ ಕೆಲಸ, ಅಂಟು ಒಣಗಲು ಒಂದು ರಾತ್ರಿ.